ಎಡ ಚಪ್ಪಲಿಯ ಪಿಎಚ್‌ಡಿ

“ನಿನ್ನ ಜನರನ್ನ ಬಿಟ್ಟು ನಮ್ಮ ಮೀನು ಹಿಡಿಯೋರ ಹಿಂದೆ ಯಾಕಮ್ಮಾ ಬಿದ್ದಿದೀಯ, ಜಿಫಾ? ನಿಮ್ಮೂರಲ್ಲಿ ಮೀನಿಲ್ವಾ?”

ಪ್ರೊಫೆಸರ್ ಹಾಲ್ವರ್ಸನ್ ತಮ್ಮ ಮಾತಿಗೆ ತಾವೇ ನಕ್ಕರು. ಪಕ್ಕದಲ್ಲಿದ್ದ ಪ್ರೊಫೆಸರ್ ಕ್ರೌಸ್ ಕೂಡ ನಕ್ಕರು. ನನ್ನ ಪಿಎಚ್‌ಡಿ ವಿಷಯಕ್ಕೆ ಒಪ್ಪಿಗೆ ಕೊಡಬೇಕಾದವರು ಇವರಿಬ್ಬರೇ. ಹಾಗಾಗಿ ನಾನೂ ಹಲ್ಲು ಕಿರಿದೆ.

ಇದು ಮೂರನೇ ತಿರಸ್ಕಾರ. ನಾನು ಘಾನಾದ ಕೇಟಾ ಊರಿನ ಬೆಸ್ತರವಳು. ಓದಲು ಬಂದ ಅಮೆರಿಕದ ಮಿನೆಸೋಟಾದಲ್ಲಿ ಗಂಡಸರು ಹೆಪ್ಪುಗಟ್ಟಿದ ಕೆರೆಯ ಮೇಲೆ ಗೂಡು ನಿಲ್ಲಿಸಿ, ಐಸಿಗೆ ತೂತು ಕೊರೆದು, ದಿನವಿಡೀ ಬಿಯರು ಕುಡಿಯುತ್ತ ಒಂದು ಮೀನಿಗೆ ಕಾಯುವುದನ್ನು ನೋಡಿ ಬೆರಗಾಗಿದ್ದೆ. ಡೇಲ್ ಎಂಬ ಲಾರಿ ಡ್ರೈವರು ಬಕೆಟ್ ಬೋರಲು ಹಾಕಿ ನನ್ನನ್ನು ಕೂರಿಸಿ, ಎರಡು ಚಳಿಗಾಲ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದ. ಅವನಿಗಿಲ್ಲದ ತಕರಾರು ಈ ಪಂಡಿತರಿಗೆ.

“ನೀನು ಹೊರಗಿನವಳು. ಆ ಜನರ ಒಳಮನಸ್ಸು ನಿನಗೆ ಹೇಗೆ ತಿಳಿಯುತ್ತೆ?” ಕ್ರೌಸ್ ಕೇಳಿದರು.

“ಬ್ರಿಟ್ಟಾಗೆ ನಮ್ಮೂರೋರ ಮನಸ್ಸು ಮೂರೇ ತಿಂಗಳಲ್ಲಿ ತಿಳೀತಲ್ಲ ಸರ್?”

“ಅವಳು ತರಬೇತಿ ಪಡೆದವಳು.”

ಬ್ರಿಟ್ಟಾ ಈ ಊರಿನ ಹುಡುಗಿ. ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಕೂತು ತರಬೇತಿ ಪಡೆದವರು. ಇರಲಿ ಬಿಡಿ.

ಹಾಲ್ವರ್ಸನ್ ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. ನನ್ನ ವಿಷಯವನ್ನು ಅವರೇ ಟೈಪು ಮಾಡಿಸಿಟ್ಟಿದ್ದರು, ಪುಣ್ಯಾತ್ಮರು: ‘ಕೇಟಾದ ಎಡ ಚಪ್ಪಲಿ ಆಚರಣೆ: ಒಳಗಿನವಳ ನೋಟ’. ಕೇಟಾದ ಹೆಂಗಸರು ಸಮುದ್ರದೇವಿಯನ್ನು ಸಮಾಧಾನ ಮಾಡಲು ಮೀನು ಹೊಗೆ ಹಾಕುವ ಒಲೆಯಡಿ ಎಡಗಾಲ ಚಪ್ಪಲಿ ಇಡುತ್ತಾರೆ ಎಂದು ಬ್ರಿಟ್ಟಾ ಮುನ್ನೂರು ಪುಟ ಬರೆದು ಬಹುಮಾನ ಹೊಡೆದಿದ್ದಳು. ಅದನ್ನು ನಾನು ಮುಂದುವರಿಸಬೇಕಂತೆ.

“ಸರ್, ಅಂಥ ಆಚರಣೆನೇ ಇಲ್ಲ. ಅವಳು ನೋಡಿದ್ದು ನಮ್ಮವ್ವನ ಒಲೆ.”

“ನೀನು ತುಂಬ ಹತ್ತಿರದವಳು ಕಣಮ್ಮ. ಅದಕ್ಕೇ ನಿನಗೆ ಕಾಣಿಸ್ತಿಲ್ಲ.”

ಕೆರೆಗೆ ನಾನು ದೂರದವಳು, ಒಲೆಗೆ ಹತ್ತಿರದವಳು. ಸರಿಯಾದ ದೂರದಲ್ಲಿ ಹುಟ್ಟಿದವಳು ಬ್ರಿಟ್ಟಾ ಒಬ್ಬಳೇ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಅವ್ವನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಒಲೆಯಡಿಯ ಚಪ್ಪಲಿ ಏನೆಂದು ಕೇಳಿದೆ.

“ಯಾವ ಚಪ್ಲಿನೇ? ಓ, ಅದಾ! ಒಲೆ ಪೀಪಾಯಿ ಅಲ್ಲಾಡ್ತಿತ್ತು ಕಣೇ, ಕೆಳಗೆ ಕಿತ್ತೋದ ಚಪ್ಲಿ ತುರುಕಿದ್ದೆ. ಆ ಬಿಳೀ ಮುಂಡೇದು ‘ಯಾಕೆ, ಯಾಕೆ’ ಅಂತ ಬೆಳಗ್ಗಿಂದ ತಲೆ ತಿಂತು. ಅತ್ಲಾಗೆ ನನ್ ಮೀನು ಸೀದೋಯ್ತಾ ಇತ್ತು! ಸಮುದ್ರದಮ್ಮಂಗೆ ಅಂದ್ಬುಟ್ಟೆ. ಬರ್ಕೊಂಡು ಎದ್ದೋಯ್ತು. ನೀನು ಉಂಡ್ಯೇನವ್ವಾ?”

ಬೈಗುಳವನ್ನೂ ಬಿಡದೆ ಅನುವಾದ ಮಾಡಿ ಹೇಳಿದೆ. ಕ್ರೌಸ್ ಕನ್ನಡಕ ಒರೆಸಿಕೊಂಡರು. ಹಾಲ್ವರ್ಸನ್ನರ ಮುಖ ಮಾತ್ರ ಅರಳಿತು.

“ಅದ್ಭುತ! ಆಚರಣೇನ ಹೊರಗಿನವರಿಂದ ಮುಚ್ಚಿಡೋ ತಂತ್ರ ಇದು! ನಿನ್ನ ಎರಡನೇ ಅಧ್ಯಾಯ ಸಿಕ್ತು ನೋಡು.”

“ಬೇಗ ಸಹಿ ಮಾಡು,” ಎಂದು ಕ್ರೌಸ್ ಪೆನ್ನು ಕೊಟ್ಟರು. ಅವರ ದನಿ ಬಲು ಮೃದು. “ಶುಕ್ರವಾರದೊಳಗೆ ವಿಷಯ ಒಪ್ಪಿಗೆ ಆಗದಿದ್ರೆ ನಿನ್ನ ಹೆಸರು ಹೊಡೆದುಹಾಕ್ತಾರೆ. ಆಮೇಲೆ ವೀಸಾ ಕಥೆ ನಿನಗೇ ಗೊತ್ತಲ್ಲ.”

ಗೊತ್ತು. ಏಳು ವರ್ಷದಿಂದ ಅದೊಂದೇ ಕಥೆಯನ್ನು ನೆಟ್ಟಗೆ ಓದಿಕೊಂಡಿದ್ದೇನೆ. ಚಪ್ಪಲಿಯ ಸಾಲನ್ನು ಹೊಡೆದುಹಾಕಿ ಕೆರೆಯ ವಿಷಯವನ್ನು ನಾಲ್ಕನೇ ಸಲ ಬರೆದೆ. ಕೆಳಗೆ ಸಹಿ ಹಾಕಿ ಹಾಳೆಯನ್ನು ಅವರತ್ತ ತಳ್ಳಿದೆ.

“ನಿಮ್ಮ ಸಹಿ ನಿಮಗೆ ಬಿಟ್ಟಿದ್ದು ಸರ್.”

ಮಧ್ಯಾಹ್ನ ಕೆರೆಗೆ ಹೋದೆ. ಡೇಲ್ ಬಕೆಟ್ ಸರಿಸಿ ಜಾಗ ಮಾಡಿದ.

“ಏನಂದ್ರು ನಿನ್ನ ಮೇಷ್ಟ್ರುಗಳು?”

“ನಿಮ್ಮ ಬಗ್ಗೆ ಬರೆಯೋಕೆ ನಂಗೆ ಯೋಗ್ಯತೆ ಇಲ್ವಂತೆ.”

“ಥೂ, ಬೇವರ್ಸಿಗಳು! ನನ್ನನ್ನ ಯಾವನು ಕೇಳಿದ? ಎಷ್ಟು ದಿನ ಇರ್ತೀಯ ಮತ್ತೆ?”

“ಶುಕ್ರವಾರದವರೆಗಂತೂ ಗ್ಯಾರಂಟಿ. ಹೇಳು, ಐಸು ತಡ್ಕೊಳ್ಳುತ್ತೋ ಇಲ್ವೋ ಅಂತ ಹೆಂಗೆ ಗೊತ್ತು ಮಾಡ್ತೀಯ?”

ಅವನು ಹೇಳತೊಡಗಿದ. ನಾನು ಪುಸ್ತಕ ಬಿಚ್ಚಿದೆ. ಚಳಿಗೆ ಪೆನ್ನಿನ ಇಂಕು ಹೆಪ್ಪುಗಟ್ಟಿತ್ತು. ಪೆನ್ನನ್ನು ಬಾಯಲ್ಲಿಟ್ಟು ಬೆಚ್ಚಗೆ ಮಾಡಿ ಬರೆದುಕೊಳ್ಳತೊಡಗಿದೆ.