ಕುಣಿಯಲು ಕಲಿತ ಮೈನಾ

ಮೈನಾ ಓಡಲು ಕಲಿತಿದ್ದು ಎರಡು ವರ್ಷದಲ್ಲಿ, ಕುಣಿಯಲು ಕಲಿತಿದ್ದು ಹನ್ನೊಂದೇ ದಿನದಲ್ಲಿ. ಹಲಗೆ ಬಾರಿಸುವ ಭಗವಂತ, “ಭಾಳ ಶಾಣ್ಯಾ ಕುದುರಿ ಅದರಿ ನಿಮ್ದು” ಎಂದು ಅದರ ಬಾಯಿಗೆ ಬೆಲ್ಲದ ಚೂರು ಇಟ್ಟಾಗ ನಿಂಬರ್ಗಾದ ಗುರುನಾಥ ಹ್ಞೂಂ ಎಂದನಷ್ಟೆ. ಅವನಿಗೆ ಸಂತೋಷವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ.

ಮೈನಾ ಶರ್ಯತ್ತಿನ ಕುದುರೆ. ಈ ಗಡಿಭಾಗದ ಶರ್ಯತ್ತು ಬೇರೆ ಕಡೆಯವರಿಗೆ ಹುಚ್ಚಾಟವೆನಿಸೀತು. ಹಗುರ ಗಾಡಿಯ ನೊಗಕ್ಕೆ ಒಂದು ಕಡೆ ಕುದುರೆ, ಇನ್ನೊಂದು ಕಡೆ ಹೋರಿ. ಒಂದು ಹಾರುತ್ತ ಓಡುತ್ತದೆ, ಇನ್ನೊಂದು ನೆಲ ಗುದ್ದುತ್ತ ಓಡುತ್ತದೆ. ಎರಡನ್ನೂ ಒಂದು ಹದಕ್ಕೆ ತರಲು ಗಂಡ ಹೆಂಡಿರು ಸಂಸಾರ ಮಾಡುವುದಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಮೈನಾಳ ಜೊತೆಗಾರ ಸುಲ್ತಾನ, ಹಿರೋಳ್ಳಿಯ ಮುರ್ತುಜಾನ ಹೋರಿ. ನಾಲ್ಕು ವರ್ಷದಿಂದ ಆ ಜೋಡಿ ಅಫಜಲಪುರ, ಜೇವರ್ಗಿ, ಅಕ್ಕಲಕೋಟೆ ಕಡೆಯೆಲ್ಲ ಹೋಗಿ ಗೆದ್ದು ಬಂದಿತ್ತು. ಬೇರೆ ಕುದುರೆ ಹೂಡಿದರೆ ಸುಲ್ತಾನ ಹೆಜ್ಜೆ ಎತ್ತುವುದಿಲ್ಲ, ಬೇರೆ ಹೋರಿ ಹೂಡಿದರೆ ಮೈನಾ ಕಚ್ಚಲು ಹೋಗುತ್ತದೆ. ಹೀಗಾಗಿ ಎರಡು ಜಾನುವಾರಿನ ಜೊತೆಗೆ ಇಬ್ಬರು ಗಂಡಸರೂ ಒಂದೇ ನೊಗಕ್ಕೆ ಬಿದ್ದಿದ್ದರು.

ಆ ವರ್ಷ ಹೊರದೇಶದ ತೊಗರಿ ಬಂದು ಇಲ್ಲಿನ ತೊಗರಿಯ ದರ ಕುಸಿಯಿತು. ಮಾರುವವರು ಚೀಲವನ್ನು ಮನೆಯಲ್ಲೇ ಇಟ್ಟುಕೊಂಡು ಕುಳಿತರು, ಬೇಳೆ ಮಿಲ್ಲುಗಳು ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಗುರುನಾಥನದು ಚೀಲ ಸಾಗಿಸುವ ಟೆಂಪೊ. ಅದು ಬಾಗಿಲ ಮುಂದೆ ನಿಂತುಬಿಟ್ಟಿತು. ನಿಂತ ಟೆಂಪೊಗೆ ಡೀಸೆಲ್ ಕೇಳುವ ಚಟವಿಲ್ಲ. ನಿಂತ ಕುದುರೆಗೆ ಮಾತ್ರ ಕಡಲೆ ಬೇಕು, ಹಸಿ ಮೇವು ಬೇಕು, ಲಾಳ ಬೇಕು, ಶರ್ಯತ್ತು ಹತ್ತಿರ ಬಂತೆಂದರೆ ಹಾಲು, ಮೊಟ್ಟೆಯೂ ಬೇಕು. ಇಂಥ ಕಾಲದಲ್ಲಿ ಕುದುರೆ ಕಟ್ಟಿಕೊಂಡವನನ್ನು ಊರು ಬಾಯಿ ತುಂಬ ನಕ್ಕಿತು. ನಗುವುದಕ್ಕೆ ಊರಿಗೇನೂ ಖರ್ಚಿಲ್ಲವಲ್ಲ.

ಮುರ್ತುಜಾನ ಪಾಡೂ ಅದೇ ಆಗಿತ್ತು. ಸುಲ್ತಾನನ ಹೊಟ್ಟೆಗೆಂದು ಅವನು ಹೆಂಡತಿ ಶರೀಫಾಬಿಯ ಎರಡು ಎಮ್ಮೆ ಮಾರಿದ್ದ. ಆ ವಾರವೇ ನಿಂಬರ್ಗಾಕ್ಕೆ ಬಂದು ಮೈನಾಳ ಕತ್ತು ಸವರುತ್ತ ಹೇಳಿದ.

“ನೋಡು ಗುರು, ಏನರೆ ಆಗ್ಲಿ, ಇವುನ್ನ ಬ್ಯಾರೆ ಕೆಲಸಕ್ಕ ಹಚ್ಚೂದು ಬ್ಯಾಡ. ಓಟದ ಜಾನುವಾರ ಕೆಡ್ತಾವ. ಜೇವರ್ಗಿ ಶರ್ಯತ್ತು ಗೆದ್ದಿವಿ ಅಂದ್ರ ಒಂದು ವರ್ಷ ದಾಟ್ತೀವಿ. ಸೋತ್ರ ನಾ ಸುಲ್ತಾನನ್ನ ಕೊಟ್ಟುಬಿಡ್ತೇನಿ. ಶರೀಫಾಬಿಗೆ ಜಬಾನು ಕೊಟ್ಟೇನಿ.”

“ಆತು ಭಾಯಿ,” ಎಂದ ಗುರುನಾಥ.

ನಾಲ್ಕನೆಯ ದಿನಕ್ಕೆ ಭಗವಂತನನ್ನು ಕರೆಸಿದ. ಮದುವೆಯ ಮೆರವಣಿಗೆಯಲ್ಲಿ ಕುಣಿಯುವ ಕುದುರೆಗೆ ಆ ಬೇಸಿಗೆಯಲ್ಲೂ ಗಿರಾಕಿಗಳಿದ್ದರು. ಜನ ಊಟದ ಎಲೆಯಲ್ಲಿ ಒಂದು ಸಿಹಿ ಕಡಿಮೆ ಮಾಡಿದರು, ಆದರೆ ಮಗನನ್ನು ನಡೆಸಿಕೊಂಡು ಮಂಟಪಕ್ಕೆ ಕರೆದೊಯ್ಯಲು ಯಾರೂ ತಯಾರಿರಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟುವುದು, ಹಲಗೆ ಬಿದ್ದ ಕೂಡಲೇ ಮುಂಗಾಲು ಎತ್ತಿಸುವುದು, ಎತ್ತಿದರೆ ಬೆಲ್ಲ ಕೊಡುವುದು. ಇಷ್ಟೇ ವಿದ್ಯೆ. ಗೊಬ್ಬೂರ, ಅಫಜಲಪುರ, ಜೇವರ್ಗಿ ರಸ್ತೆಯ ಹಳ್ಳಿಗಳು ಎಂದು ಹದಿನೇಳು ಮದುವೆ ಆದವು. ಹಿರೋಳ್ಳಿ ಕಡೆಯ ಬಾಡಿಗೆಯನ್ನು ಮಾತ್ರ ಅವನು ಹಿಡಿಯಲಿಲ್ಲ.

“ಮುರ್ತುಜಾ ಭಾಯಿಗೆ ಒಂದು ಮಾತು ಹೇಳ್ರಿ,” ಎಂದಳು ಹೆಂಡತಿ ಸುಮಂಗಲಾ.

“ಗೆದ್ದ ಮ್ಯಾಲ ಹೇಳ್ತೇನಿ.”

“ಗೆದ್ದ ಮ್ಯಾಲ ಹೇಳೂದು ಸಸಾರ ಇರ್ತದ ಬಿಡ್ರಿ,” ಎಂದು ಅವಳು ರೊಟ್ಟಿ ಬಡಿಯಲು ಹೋದಳು.

ಗುರುನಾಥನಿಗೆ ಒಂದು ಧೈರ್ಯವಿತ್ತು. ಗೆಜ್ಜೆ ಕಟ್ಟದೆ ಮೈನಾ ಕುಣಿಯುವುದಿಲ್ಲ ಎಂದು ಅವನು ನಂಬಿದ್ದ. ಶರ್ಯತ್ತಿಗೆ ವಾರ ಇರುವಾಗ ಗೆಜ್ಜೆ ಬಿಚ್ಚಿ, ಎರಡು ಮುಂಜಾನೆ ಹೊಲದಲ್ಲಿ ಓಡಿಸಿಯೂ ನೋಡಿದ. ಬಾಣದ ಹಾಗೆ ಹೋಯಿತು. ಹಲಗೆ ಬಾರಿಸಿ ನೋಡುವ ಬುದ್ಧಿ ಮಾತ್ರ ಆ ಮಹಾಶಯನಿಗೆ ಬರಲಿಲ್ಲ.

ಜೇವರ್ಗಿಯ ಆಚೆ ತೊಗರಿ ಕಟಾವಾದ ಹೊಲದಲ್ಲಿ ಶರ್ಯತ್ತು. ಗುರುನಾಥನ ಟೆಂಪೊದಲ್ಲೇ ಎರಡನ್ನೂ ಹೇರಿಕೊಂಡು ಇಬ್ಬರೂ ಬಂದರು. ಗಾಡಿ ಹೊಡೆಯುವುದು ಯಾವಾಗಲೂ ಗುರುನಾಥ. ಪರಿಚಯದವರ ಮೋಟಾರ್ ಸೈಕಲ್ ಇಸಿದುಕೊಂಡು ಪಕ್ಕದಲ್ಲಿ ಕೂಗುತ್ತ ಬರುವುದು ಮುರ್ತುಜಾ. ಮೂರನೇ ಸುತ್ತಿಗೆ ಇವರ ಪಾಳಿ ಬಂತು. ನಿಶಾನೆ ಬಿದ್ದದ್ದೇ ತಡ ಜೋಡಿ ಕಿತ್ತುಕೊಂಡು ಹೋಯಿತು. ಅರ್ಧ ದಾರಿಗೆ ಮುಂದೆ ಯಾರೂ ಇರಲಿಲ್ಲ. ಹಿಂದಿನ ಗಾಡಿಗಳ ಸದ್ದು ದೂರವಾಗುತ್ತಿತ್ತು. ಗೆದ್ದೆವು ಎಂದು ಗುರುನಾಥನಿಗೆ ಗೊತ್ತಾಯಿತು. ಮುರ್ತುಜಾನಿಗೆ ಹೇಗೆ ಹೇಳುವುದೆಂದು ಮೊದಲ ಮಾತನ್ನೂ ಹುಡುಕತೊಡಗಿದ.

ಹಿಂದಿನ ಸುತ್ತು ಗೆದ್ದವರ ಕಡೆಯವರು ಕೊನೆಯ ಗೆರೆಯ ಬಳಿ ಇನ್ನೂ ಗುಲಾಲು ಎರಚುತ್ತಿದ್ದರು. ಅವರು ಹಲಗೆ ಬಾರಿಸತೊಡಗಿದರು.

ಮೈನಾಳ ಕಿವಿ ನಿಮಿರಿತು. ಓಟ ತುಂಡಾಯಿತು. ಕತ್ತು ಬಿಲ್ಲಾಗಿಸಿ, ಬಲಗಾಲು ಎತ್ತಿ, ಎಡಗಾಲು ಎತ್ತಿ, ಗೆರೆಗೆ ಮೂವತ್ತು ಮಾರು ಇರುವಾಗ ಅದು ಕುಣಿಯಿತು. ಓಡುತ್ತಲೇ ಇದ್ದ ಸುಲ್ತಾನ ನೊಗದ ಎಳೆತಕ್ಕೆ ಅಡ್ಡ ತಿರುಗಿ ಮುಂಗಾಲಿನ ಮಂಡಿಯೂರಿ ಬಿತ್ತು. ಉಳಿದ ಗಾಡಿಗಳು ಎರಡೂ ಬದಿಯಿಂದ ದಾಟಿಹೋದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಹತ್ತು ರೂಪಾಯಿ ನೋಟನ್ನು ಮೈನಾಳ ಮುಖಕ್ಕೆ ನಿವಾಳಿಸಿ ಲಗಾಮಿಗೆ ಸಿಕ್ಕಿಸಿದ. ಇನ್ನೊಬ್ಬ, “ಕುದುರಿ ನಿಮ್ದೇನ್ರಿ? ಮುಂದಿನ ಸೋಮವಾರ ಖಾಲಿ ಅದ ಏನು?” ಎಂದು ಕೇಳಿದ. “ಖಾಲಿ ಅದರಿ,” ಎಂದ ಗುರುನಾಥ. ಅವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಮುರ್ತುಜಾ ಬಂದು ಸುಲ್ತಾನನ ಮಂಡಿಯ ಮಣ್ಣು ಒರೆಸಿದ. ಚರ್ಮ ತರಚಿತ್ತು, ಎಲುಬಿಗೆ ಏನೂ ಆಗಿರಲಿಲ್ಲ. ತಲೆ ಎತ್ತದೆ ಕೇಳಿದ.

“ಎಷ್ಟು ಮದುವಿ?”

“ಹದಿನೇಳು.”

“ಮೊದಲ ಮದುವಿಗೇ ಹೇಳಿದ್ದಿ ಅಂದ್ರ, ಸಿಟ್ಟು ಮಾಡ್ತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಆಮ್ಯಾಲ ಇಬ್ರೂ ಕೂಡೇ ಕುಣಿಸ್ತಿದ್ವಿ. ಸುಲ್ತಾನ ಉಳೀತಿದ್ದ.”

ಗುರುನಾಥ ಗಾಡಿಯ ಹಗ್ಗ ಸುತ್ತಿದ.

ಶರ್ಯತ್ತಿಗೆ ಹೋರಿ ಕೊಳ್ಳುವವರು ಬಂದೇ ಇರುತ್ತಾರೆ. ಅಕ್ಕಲಕೋಟೆ ಕಡೆಯ ಒಬ್ಬ ಸುಲ್ತಾನನ ಹಲ್ಲು ನೋಡಿದ, ಮಂಡಿ ನೋಡಿದ; ಮುರ್ತುಜಾ ಚೌಕಾಸಿ ಮಾಡಲಿಲ್ಲ. ಲಾರಿ ಹಿಂದೆ ಸರಿದು ನಿಂತಿತು, ಹತ್ತಲು ಮರದ ಹಲಗೆ ಹಾಸಿದರು. ಸುಲ್ತಾನ ಹತ್ತಲಿಲ್ಲ. ನಾಲ್ಕು ಜನ ಎಳೆದರು, ಇಬ್ಬರು ತಳ್ಳಿದರು. ಅದು ಕಾಲು ಊರಿ, ಮೈನಾ ಕಟ್ಟಿದ್ದ ಕಡೆಗೆ ಮುಖ ಮಾಡಿ ನಿಂತಿತು. ನಾಲ್ಕು ವರ್ಷ ಎಲ್ಲಿಗೆ ಹೋಗುವಾಗಲೂ ಮೈನಾ ಮೊದಲು ಹತ್ತಬೇಕು, ಅದು ಹಿಂದೆ ಹತ್ತಬೇಕು. ಕೊಂಡವನು ಬಾರುಕೋಲು ಕೈಗೆತ್ತಿಕೊಂಡ.

ಮುರ್ತುಜಾ ಗುರುನಾಥನ ಕಡೆ ನೋಡಿದ. ಕೇಳಲಿಲ್ಲ. ಗುರುನಾಥನೇ ಹೋಗಿ ಮೈನಾಳನ್ನು ಬಿಚ್ಚಿಕೊಂಡು ಬಂದು ಲಾರಿಗೆ ಹತ್ತಿಸಿದ.

ಸುಲ್ತಾನ ಹಿಂದೆಯೇ ಹತ್ತಿತು, ತಾನಾಗಿಯೇ, ಕುಂಟುತ್ತ. ಮೈನಾಳ ಪಕ್ಕ ನಿಂತು ಅದರ ಹೆಗಲಿಗೆ ಗದ್ದ ತಾಗಿಸಿತು. ಮುರ್ತುಜಾ ಮೂಗುದಾರವನ್ನು ಲಾರಿಯ ಕಂಬಿಗೆ ಎರಡು ಗಂಟು ಹಾಕಿ ಬಿಗಿದು ಕೆಳಗಿಳಿದ. ಗುರುನಾಥ ಮೈನಾಳ ಲಗಾಮು ಹಿಡಿದು ಮೆಲ್ಲಗೆ, ಹಿಂದಹಿಂದಕ್ಕೆ ಇಳಿಸತೊಡಗಿದ. ಸುಲ್ತಾನ ತಿರುಗಲು ನೋಡಿತು, ಹಗ್ಗ ಸಾಲಲಿಲ್ಲ.

ಮುರ್ತುಜಾನಿಗೆ ಮಾಡಿದ್ದನ್ನೇ ಈಗ ಈ ಮೂಕಪ್ರಾಣಿಗೂ ಮಾಡಿದೆ ಎಂದು ಗುರುನಾಥನಿಗೆ ಆಗ ತಿಳಿಯಿತು. ಬೆಳಗಿನಿಂದ ಎಲ್ಲಿಯೂ ತಾಗದಿದ್ದ ನೋವು ಬಂದು ಎದೆಗೆ ಒದ್ದಿತು. ಲಾರಿಯ ಹಿಂಬಾಗಿಲು ಮುಚ್ಚಿದರು.

“ಟೆಂಪೊ ಹತ್ತು ಭಾಯಿ, ಹಿರೋಳ್ಳಿಗೆ ಬಿಡ್ತೇನಿ,” ಎಂದ.

“ಬ್ಯಾಡ,” ಎಂದ ಮುರ್ತುಜಾ. “ನಾ ಬಸ್ಸಿಗೆ ಹೋಗ್ತೇನಿ.”