ತೆಳು ತಗಡಿಗೆ ಯಾವ ಮಿಷಿನ್ನು

ಗಾಡಿಗಳ ತಪಾಸಣೆಯವನು ಕಾರಿನ ಅಡಿಗೆ ತೂರಿ ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ್ದೇ ತಡ, ಅದು ಹಣ್ಣಾದ ಪಪ್ಪಾಯಿಗೆ ಚಾಕು ಇಳಿದ ಹಾಗೆ ಹಿಡಿಯ ತನಕ ಇಳಿದುಬಿಟ್ಟಿತು.

"ನೋಡಮ್ಮ, ಇದು ಕಾರಲ್ಲ, ಬಣ್ಣ ಬಳಿದ ತುಕ್ಕು," ಅಂತ ಮೈ ಕೊಡವಿಕೊಂಡು ಎದ್ದ. "ತಗಡು ಹಾಕಿಸ್ಕೊಂಡು ಮುಂದಿನ ವಾರದೊಳಗೆ ಬಾ. ಇಲ್ಲಾಂದ್ರೆ ರಸ್ತೆಗೆ ಇಳಿಸೋ ಹಾಗಿಲ್ಲ."

ಕಾರು ವೆಲ್ಡಿಂಗ್ ಮೇಸ್ತ್ರಿಯ ಮಗಳದು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಒಬ್ಬ ರೋಗಿ ಊರಿನ ಆ ತುದಿಗೆ, ಇನ್ನೊಬ್ಬ ಈ ತುದಿಗೆ. ಕಾರು ನಿಂತರೆ ಅವಳ ಕೆಲಸವೂ ನಿಂತ ಹಾಗೆಯೇ. ಮನೆಗೆ ಬಂದವಳು ಚಪ್ಪಲಿ ಬಿಡುತ್ತಾ, "ಗ್ಯಾರೇಜಿಗೆ ಕೊಡಬೇಕು ಅಪ್ಪ," ಅಂದಾಗ ಮೇಸ್ತ್ರಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಜೀವಮಾನವೆಲ್ಲ ಕಂಡವರ ಕಾರಿಗೆ ತಗಡು ಹಾಕಿದ್ದೀನಿ. ಮಗಳ ಕಾರಿಗೆ ಹಾಕೋಕೆ ಇನ್ನೊಬ್ಬ ಬರಬೇಕಾ? ಕಡಿಮೇಲಿ ಒಂದು ಸಣ್ಣ ವೆಲ್ಡಿಂಗ್ ಮಿಷಿನ್ ತರೋಣ. ಮನೆ ಅಂಗಳದಲ್ಲೇ ಮುಗಿಸ್ತೀನಿ."

"ಮೂಗಿಗಿಂತ ಮೂಗುತಿ ಭಾರ ಆದೀತು," ಅಂತ ಒಳಗಿನಿಂದ ಹೆಂಡತಿಯ ದನಿ ಬಂತು. "ಆ ಕಾರನ್ನೇ ತೂಕಕ್ಕೆ ಹಾಕಿದ್ರೂ ಮಿಷಿನ್ನಿನ ದುಡ್ಡು ಹುಟ್ಟಲ್ಲ."

"ನಿನಗೇನೇ ಗೊತ್ತು ಕಬ್ಬಿಣದ ವಿಷಯ."

"ಕಬ್ಬಿಣದ್ದು ಗೊತ್ತಿಲ್ಲಪ್ಪ. ಕಟ್ಟಿಕೊಂಡವರದ್ದು ಗೊತ್ತು."

ಮಗಳು ನಕ್ಕಳು. ಮೇಸ್ತ್ರಿ ನಗಲಿಲ್ಲ. ಹೆಂಡತಿಗೆ ಗೊತ್ತಿದ್ದದ್ದು ಏನು ಅನ್ನುವುದು ಅವನಿಗೂ ಗೊತ್ತಿತ್ತು. ಅವನ ಅಂಗಿಯ ಗುಂಡಿಗಳನ್ನು ಈಗೀಗ ಅವಳೇ ಹಾಕುತ್ತಿದ್ದಳು, ಅದೂ ಬಾಗಿಲು ಮುಂದೆ ಮಾಡಿಕೊಂಡು. ಮೊದಲು ಬಲಗೈಯ ಹೆಬ್ಬೆರಳು ಸುಮ್ಮಸುಮ್ಮನೆ ಮಿಡುಕುತ್ತಿತ್ತು. ಆಮೇಲೆ ಇಡೀ ಅಂಗೈ. ಡಾಕ್ಟರು, ಇದು ವಯಸ್ಸಿನದಲ್ಲ, ನರದ್ದು, ಮಾತ್ರೆಯಿಂದ ಹತೋಟಿಗೆ ಬರಬಹುದು, ವಾಸಿಯಾಗುವ ಮಾತು ಬೇಡ ಅಂದಿದ್ದರು. ಅವನು ದುಡಿಯುತ್ತಿದ್ದ ಗ್ಯಾರೇಜಿನ ಯಜಮಾನ ಒಳ್ಳೆಯವನೇ. "ಇನ್ನು ನೀವು ಕುರ್ಚಿ ಹಾಕ್ಕೊಂಡು ಹುಡುಗರ ಕೆಲಸ ನೋಡ್ಕೊಳ್ಳಿ ಮೇಸ್ತ್ರಿ," ಅಂದಿದ್ದ. ಕುರ್ಚಿಯಲ್ಲಿ ಕೂತವನನ್ನು ಯಾರೂ ಏನೂ ಕೇಳಲಿಲ್ಲ. ಕೆಲವೇ ವಾರಗಳಲ್ಲಿ ಮೇಸ್ತ್ರಿ ತಾನಾಗಿಯೇ ಹೋಗುವುದನ್ನು ಬಿಟ್ಟ. ಮಗಳಿಗೆ, ಯಜಮಾನನಿಗೂ ನನಗೂ ಮಾತಿಗೆ ಮಾತು ಬೆಳೀತು, ಮುಖಕ್ಕೆ ಹೇಳಿ ಬಂದೆ ಅಂದಿದ್ದ. ಅವಳು, "ಒಳ್ಳೇದಾಯ್ತು ಬಿಡು," ಅಂದಿದ್ದಳು. ಮಗಳಿಗೆ ತಿಳಿಯಬಾರದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಊರಿಗೆಲ್ಲ ತಿಳಿದರೂ ಸರಿಯೇ, ಅವಳಿಗೆ ಮಾತ್ರ ಅವನು ಮೇಸ್ತ್ರಿಯಾಗಿಯೇ ಇರಬೇಕು.

ಮರುದಿನ ಅಪ್ಪ ಮಗಳು ಇಬ್ಬರೂ ಮಿಷಿನ್ ಅಂಗಡಿಗೆ ಹೋದರು. ಅಂಗಡಿಯವನು ಹಳೆಯ ಪರಿಚಯ. ಮೇಸ್ತ್ರಿ ಗ್ಯಾರೇಜಿಗೆ ಸಾಮಾನು ಕೊಳ್ಳಲು ಬರುತ್ತಿದ್ದ ಕಾಲದಿಂದ ಅವನನ್ನು ಬಲ್ಲವನು. ಎದ್ದು ನಿಂತು ಸ್ಟೂಲು ಒರೆಸಿ ಕೂರಿಸಿದ.

"ಮನೇಲೇ ಕಾರಿನ ಬಾಡಿ ಕೆಲಸಕ್ಕೆ ಅಂದ್ರೆ ಇವೆರಡೇ ಲೆಕ್ಕ," ಅಂತ ಎರಡು ಪೆಟ್ಟಿಗೆಗಳನ್ನು ಮುಂದೆ ಸರಿಸಿದ. "ಇದು ತಂತಿ ಮಿಷಿನ್. ಒಳಗೆ ತಂತಿ ಸುರುಳಿ, ಜೊತೆಗೆ ಗ್ಯಾಸಿನ ಸಿಲಿಂಡರ್. ಬಂದೂಕಿನ ಹಾಗೆ ಹಿಡೀಲಿರೋ ಕುದುರೆ ಒತ್ತಿದ್ರೆ ತಂತಿ ತಾನಾಗೇ ಬರುತ್ತೆ. ಇದು ಕಡ್ಡಿ ಮಿಷಿನ್. ಕಡ್ಡಿ ಸಿಕ್ಕಿಸು, ಬೆಂಕಿ ಹಚ್ಚು, ಅಷ್ಟೇ. ಬೆಲೇಲಿ ಅದರ ಅರ್ಧಕ್ಕೂ ಕಡಿಮೆ ಇದು."

"ತಂತಿದು ತಗೊಳ್ಳೋಣ ಅಪ್ಪ," ಅಂದಳು ಮಗಳು ತಟ್ಟನೆ. "ನಾನು ಓದಿದೆ. ತೆಳು ತಗಡಿಗೆ ಅದೇ ಸರಿಯಂತೆ. ಕಡ್ಡಿದು ತೂತು ಬೀಳಿಸುತ್ತಂತೆ."

ಮಾತು ಸರಿಯಾದದ್ದೇ. ಬೇರೆ ಯಾರಾದರೂ ಕೇಳಿದ್ದರೆ ಮೇಸ್ತ್ರಿಯೂ ಅದನ್ನೇ ಹೇಳುತ್ತಿದ್ದ. ಕಾರಿನ ತಗಡು ಬೆರಳುಗುರಿಗಿಂತ ಕೊಂಚ ದಪ್ಪ. ಕಡ್ಡಿಯ ಶಾಖಕ್ಕೆ ಅದು ಬೆಣ್ಣೆಯಂತೆ ಕರಗುತ್ತದೆ. ಕಡ್ಡಿಯ ತುದಿಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು, ಮುಟ್ಟಿಯೂ ಮುಟ್ಟದ ಹಾಗೆ ಚುಕ್ಕಿ ಇಟ್ಟು ಎತ್ತಬೇಕು. ಅದಕ್ಕೆ ಕೈ ಬೇಕು.

ಅಂಗಡಿಯವನು ನಕ್ಕ. "ಮಗಳೇ, ನೀನು ಓದಿದ್ದು ಹೊಸಬರಿಗೆ. ತಂತಿ ಮಿಷಿನ್ ಕೈ ಕುದುರದವರು ತಗೊಳ್ಳೋದು. ನಿಮ್ಮಪ್ಪ ಕಡ್ಡೀಲೇ ಸಿಗರೇಟು ಪ್ಯಾಕಿನ ಹಾಳೆ ಬೆಸೀತಿದ್ರು. ನಾನೇ ನೋಡಿದ್ದೀನಿ."

ಆ ಮಾತು ಮೇಸ್ತ್ರಿಯ ಎದೆಯೊಳಗೆ ಬೆಚ್ಚಗೆ ಇಳಿಯಿತು. ಇಷ್ಟು ದಿನ ಅವನ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ. ಬಲಗೈಯನ್ನು ತೊಡೆಯಡಿಗೆ ಸೇರಿಸಿಕೊಂಡು ಕೂತಿದ್ದವನು ಎಡಗೈಯಿಂದ ಕಡ್ಡಿ ಮಿಷಿನ್ನಿನ ಕಡೆ ತೋರಿಸಿದ.

"ಕಡ್ಡೀದೇ ಕೊಡಪ್ಪ. ಸುಮ್ನೆ ದುಡ್ಡು ದಂಡ ಯಾಕೆ?"

"ಅಪ್ಪ, ದುಡ್ಡಿನ ಮಾತಲ್ಲ. ಇನ್ನೊಂದ್ಸಲ ಯೋಚನೆ ಮಾಡು."

"ನೀನು ಸೂಜಿ ಚುಚ್ಚುವಾಗ ನಾನು ಹೀಗೆ ಹಾಗೆ ಅಂತ ಹೇಳ್ತೀನಾ?"

ಮಗಳು ಅವನ ಮುಖ ನೋಡಲಿಲ್ಲ, ಆ ತಂತಿ ಮಿಷಿನ್ನಿನ ಬೆಲೆಯ ಚೀಟಿಯನ್ನೇ ನೋಡುತ್ತಾ ನಿಂತಳು.

ಕೆಲಸ ಶುರುವಾದ ದಿನ ಮೇಸ್ತ್ರಿಗೆ ಹಬ್ಬದ ಕಳೆ. ಸೀಟು ಬಿಚ್ಚಿಸಿದ, ನೆಲಹಾಸು ಎತ್ತಿಸಿದ, ಬ್ಯಾಟರಿಯ ವೈರು ಕಳಚಿಸಿದ. ಬಕೆಟ್ಟಿನಲ್ಲಿ ನೀರು, ಒದ್ದೆ ಗೋಣಿಚೀಲ, ಎಲ್ಲ ಕೈಗೆಟಕುವ ಹಾಗೆ ಇಡಿಸಿದ. ತುಕ್ಕು ಹಿಡಿದದ್ದನ್ನು ಗಟ್ಟಿ ಲೋಹ ಸಿಗುವ ತನಕ ಗ್ರೈಂಡರಿನಲ್ಲಿ ಕೊಯ್ದು ತೆಗೆದ. ಗ್ರೈಂಡರು ತಾನೇ ಗಡಗಡ ನಡುಗುವ ಸಾಮಾನು. ಅದರ ನಡುಕದಲ್ಲಿ ಇವನ ನಡುಕ ಯಾರಿಗೂ ಕಾಣುವಂತಿರಲಿಲ್ಲ. ರಟ್ಟು ಕತ್ತರಿಸಿ ಅಳತೆ ಹಿಡಿದ, ತಗಡಿನ ಮೇಲೆ ಗೀಚಿದ, ಸುತ್ತಿಗೆಯಿಂದ ಬಗ್ಗಿಸಿ ಕೂರಿಸಿದ. ತೇಪೆ ಹೋಗಿ ತನ್ನ ಜಾಗದಲ್ಲಿ ಕಟಕ್ ಅಂತ ಕೂತಾಗ ಅಡುಗೆಮನೆಯ ಕಿಟಕಿಯಿಂದ ಹೆಂಡತಿ, "ಆಹಾ, ಅಳೆದು ಹೊಲಿದ ಹಾಗಿದೆ," ಅಂದಳು. ಈ ಸಲ ಅವನೂ ನಕ್ಕ. ಮಗಳು ನಿಶ್ಚಿಂತೆಯಿಂದ ಸ್ನೇಹಿತೆಯ ಸ್ಕೂಟರ್ ಹತ್ತಿ ರೋಗಿಗಳನ್ನು ನೋಡಲು ಹೋದಳು.

ಅವಳು ಹೋದ ಮೇಲೆ ಮೇಸ್ತ್ರಿ ಮುಖವಾಡ ಹಾಕಿಕೊಂಡು ಕಡ್ಡಿ ಹಿಡಿದ.

ಮೊದಲ ಚುಕ್ಕಿಗೆ ಕಡ್ಡಿ ತಗಡಿಗೇ ಅಂಟಿ ನಿಂತಿತು. ಕಿತ್ತು ತೆಗೆದ. ಎರಡನೆಯದಕ್ಕೆ ಬೆಳಕು ಹತ್ತಿತು, ಕೈ ಒಂದಿಷ್ಟು ಕೆಳಗಿಳಿಯಿತು, ತಗಡು ಕೆಂಪಾಗಿ ಕಣ್ಣು ಬಿಟ್ಟಂತೆ ತೂತಾಯಿತು. ಆ ತೂತು ಮುಚ್ಚಲು ಹೋದ, ಅದು ಅಗಲವಾಯಿತು. ಎಡಗೈಯಿಂದ ಬಲಗೈ ಮಣಿಕಟ್ಟು ಅದುಮಿ ಹಿಡಿದ. ಮೊಣಕೈಯನ್ನು ಮಂಡಿಗೆ ಒತ್ತಿದ. ಉಸಿರು ಬಿಗಿಹಿಡಿದ. ಉಸಿರು ನಿಂತರೂ ಕೈ ನಿಲ್ಲಲಿಲ್ಲ. ಕರೆಂಟು ಕಡಿಮೆ ಮಾಡಿದರೆ ಕಡ್ಡಿ ಅಂಟುತ್ತಿತ್ತು, ಹೆಚ್ಚು ಮಾಡಿದರೆ ತಗಡು ಉದುರುತ್ತಿತ್ತು. ಊಟಕ್ಕೆ ಕರೆಯುವ ಹೊತ್ತಿಗೆ ಅಳೆದು ಕೂರಿಸಿದ ತೇಪೆಯ ಅಂಚೆಲ್ಲ ಇಲಿ ಕಡಿದ ಬಟ್ಟೆಯಾಗಿತ್ತು. ತುಕ್ಕಿಲ್ಲದ ಒಳ್ಳೆಯ ತಗಡೂ ಅದರ ಜೊತೆ ಕರಗಿಹೋಗಿತ್ತು.

ಹೆಂಡತಿ ಬಂದು ನಿಂತು ನೋಡಿದಳು.

"ಮಿಷಿನ್ ಸರಿ ಇಲ್ಲ," ಅಂದ ಮೇಸ್ತ್ರಿ ಮುಖವಾಡದೊಳಗಿನಿಂದಲೇ. "ಕರೆಂಟು ಒಂದೇ ಸಮ ಬರ್ತಿಲ್ಲ."

"ಕುಣಿಯಲಾರದವಳು ನೆಲ ಡೊಂಕು..." ಅಂತ ಅಭ್ಯಾಸಬಲದಿಂದ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಬರುವ ಹಾಗಿದ್ದರೆ ಅವಳು ಆಗ ಎಳೆದುಕೊಳ್ಳುತ್ತಿದ್ದಳು. "ಅವಳಿಗೆ ಹೇಳಿಬಿಡಿ ಅಂದ್ರೆ," ಅಂದಳು. "ಹೆತ್ತ ಮಗಳಲ್ವಾ?"

"ಅದಕ್ಕೇ ಹೇಳೋಕಾಗ್ತಿಲ್ಲ," ಅಂದ.

ಸಂಜೆ ಮಗಳು ಬಂದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆ ಹರಕಲು ಅಂಚಿನ ಮೇಲೆ ಬೆರಳಾಡಿಸಿದಳು. ಮೇಸ್ತ್ರಿ, ಮಿಷಿನ್ನೇ ಕೆಟ್ಟದ್ದು, ವಾಪಸ್ ಕೊಡಬೇಕು ಅಂತ ಜೋರಾಗಿಯೇ ಹೇಳಿದ. "ಸರಿ ಅಪ್ಪ, ಬೆಳಗ್ಗೆ ಹೋಗೋಣ," ಅಂದಳು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಂಗಡಿಯವನಿಗೆ ಅವನದೇ ಮರ್ಯಾದೆಯ ಪ್ರಶ್ನೆ. "ನಾನು ಕೊಟ್ಟ ಮಿಷಿನ್ ಕೆಟ್ಟದ್ದಾ? ಇರಲಿ ನೋಡೋಣ ಮೇಸ್ತ್ರಿ," ಅಂತ ಅಲ್ಲಿಯೇ ಪ್ಲಗ್ ಸಿಕ್ಕಿಸಿದ, ಹಳೆ ಕಾರಿನ ಬಾಗಿಲಿನ ಎರಡು ಚೂರು ತಗಡು ಹುಡುಕಿ ತಂದ. ಅತಿ ಸಣ್ಣ ಕಡ್ಡಿ ಹಾಕಿ ಚುರ್, ಚುರ್, ಚುರ್ ಅಂತ ಚುಕ್ಕಿ ಇಟ್ಟ. ಅವನು ಅಂಗಡಿಯವನೇ ಹೊರತು ಕೆಲಸಗಾರನಲ್ಲ. ಆದರೂ ಎರಡು ಚೂರೂ ಕೂಡಿಕೊಂಡವು. ಒಂದೇ ಒಂದು ತೂತು ಬೀಳಲಿಲ್ಲ.

ಗೆದ್ದ ಖುಷಿಯಲ್ಲಿ ಮುಖವಾಡ ಸರಿಸಿ ತಲೆಯೆತ್ತಿದವನ ಕಣ್ಣು ಮೇಸ್ತ್ರಿಯ ಬಲಗೈಯ ಮೇಲೆ ಬಿತ್ತು. ಆ ಗಡಿಬಿಡಿಯಲ್ಲಿ ಮೇಸ್ತ್ರಿ ಅದನ್ನು ಎಲ್ಲಿಯೂ ಬಚ್ಚಿಟ್ಟಿರಲಿಲ್ಲ. ಅದು ಕೌಂಟರಿನ ಗಾಜಿನ ಮೇಲೆ ತನ್ನ ಪಾಡಿಗೆ ಟಕಟಕ ಸದ್ದು ಮಾಡುತ್ತಿತ್ತು. ಅಂಗಡಿಯವನ ಮುಖ ಬದಲಾಯಿತು. ಅವನು ಬೆಸೆದ ತಗಡನ್ನು ಮೆಲ್ಲಗೆ ಕೌಂಟರಿನ ಕೆಳಗೆ ಸರಿಸಿದ.

"ಹೌದು ಮೇಸ್ತ್ರಿ," ಅಂದ ಬೇರೆಯದೇ ದನಿಯಲ್ಲಿ. "ಒಂದೊಂದು ಪೀಸು ಹೀಗೇ. ಮೊದಲು ಚೆನ್ನಾಗೇ ಓಡುತ್ತೆ, ಬಿಸಿಯಾದ ಮೇಲೆ ಹಟ ಹಿಡಿಯುತ್ತೆ. ತಪ್ಪು ನಂದೇ. ಬದಲಾಯಿಸಿ ಕೊಡ್ತೀನಿ."

ದಾರಿ ಬಿಟ್ಟುಕೊಟ್ಟಿದ್ದ. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ತಾನು ಸುಳ್ಳು ಹೇಳುವುದು ಬೇರೆ, ಇನ್ನೊಬ್ಬ ತನಗಾಗಿ ಎಲ್ಲರೆದುರು ತನ್ನ ಅಂಗಡಿಯ ಹೆಸರು ಕೆಡಿಸಿಕೊಂಡು ಸುಳ್ಳು ಹೇಳುವುದು ಬೇರೆ. ಮೇಸ್ತ್ರಿಗೆ ಅದು ನುಂಗಲಾರದ ತುತ್ತಾಯಿತು.

"ಮಿಷಿನ್ ಸರಿ ಇದೆ ಕಣಯ್ಯ," ಅಂದ. "ಕೆಟ್ಟಿರೋದು ನನ್ನ ಕೈ."

ಗಿರಾಕಿಗಳು ಬೇರೆ ಕಡೆ ನೋಡಿದರು. ಮೇಸ್ತ್ರಿ ಮಗಳ ಮುಖದಲ್ಲಿ ಬೆರಗನ್ನು ಹುಡುಕಿದ. ಅಲ್ಲಿ ಬೆರಗು ಇರಲಿಲ್ಲ. ಅವಳು ಬಂದು ಅವನ ತೋಳು ಹಿಡಿದುಕೊಂಡು, ಅಂಗಡಿಯವನಿಗೆ, "ತಂತಿದು ಕೊಡಿ ಅಣ್ಣ," ಅಂದಳು.

ಸಿಲಿಂಡರು ಇದ್ದದ್ದರಿಂದ ಅಂಗಡಿಯವನೇ ತನ್ನ ವ್ಯಾನಿನಲ್ಲಿ ಮನೆಯ ತನಕ ಬಿಡುವುದಾಗಿ ಹೇಳಿದ. ಹಿಂದೆ ಸಾಮಾನಿನ ನಡುವೆ ಅಪ್ಪ ಮಗಳು ಎದುರುಬದುರು ಕೂತರು. ಅರ್ಧ ದಾರಿಯಲ್ಲಿ ಮೇಸ್ತ್ರಿ ಕೇಳಿದ.

"ಯಾವಾಗಿಂದ ಗೊತ್ತು?"

"ನೀನು ಲೋಟ ಎರಡೂ ಕೈಯಲ್ಲಿ ಹಿಡಿಯೋಕೆ ಶುರು ಮಾಡಿದಾಗಿಂದ. ನಾನು ದಿನಾ ನೋಡೋದು ಅದನ್ನೇ ಅಲ್ವಾ ಅಪ್ಪ?"

"ಮತ್ತೆ ಹೇಳಬಾರದಾ?"

"ನೀನೇ ಹೇಳ್ತೀಯ ಅಂತ ಕಾದೆ." ಅವಳು ಸಿಲಿಂಡರು ಉರುಳದ ಹಾಗೆ ಕಾಲು ಅಡ್ಡ ಕೊಟ್ಟು ಕೂತಿದ್ದಳು. "ಕೈಗೆ ಕಡಿಮೆ ಕೆಲಸ ಇರೋ ಮಿಷಿನ್ ಯಾವುದು ಅಂತ ಎಷ್ಟು ಹುಡುಕಿದ್ದೆ ಗೊತ್ತಾ?"

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ತಾನು ಬಾಗಿಲು ಹಾಕಿಕೊಂಡು ಮೇಸ್ತ್ರಿಯ ವೇಷ ಕಟ್ಟುತ್ತಿದ್ದದ್ದನ್ನು ಇವಳು ಹೊರಗೆ ನಿಂತು, ಗೊತ್ತಿಲ್ಲದವಳ ಹಾಗೆ ನೋಡುತ್ತಿದ್ದಳಲ್ಲ ಅಂತ ಅನ್ನಿಸಿತು.

ಅಂಗಳದಲ್ಲಿ ಮತ್ತೆ ಎಲ್ಲ ಹೂಡಿದರು. ಹಾಳಾದ ಅಂಚನ್ನು ಇನ್ನಷ್ಟು ಕೊಯ್ದು, ದೊಡ್ಡ ತೇಪೆ ಬಗ್ಗಿಸಿದ್ದಾಯಿತು. ತಂತಿ ಮಿಷಿನ್ನನ್ನು ಮೊದಲು ಅವನೇ ಹಿಡಿದ. ತೂತು ಬೀಳಲಿಲ್ಲ, ಅಷ್ಟು ಮಟ್ಟಿಗೆ ಮಗಳ ಓದು ನಿಜ. ಆದರೆ ಬೆಸುಗೆ ಕೂಡುಗೆರೆಯನ್ನು ಬಿಟ್ಟು ಆಚೆ ಈಚೆ ಹಾವಿನಂತೆ ಹರಿದಾಡಿತು. ಎರಡು ತಗಡೂ ಮುಟ್ಟಿದವು ಅಷ್ಟೇ, ಹಿಡಿದುಕೊಳ್ಳಲಿಲ್ಲ. ಸ್ಕ್ರೂಡ್ರೈವರ್ ಒತ್ತಿದರೆ ಬಿಟ್ಟುಕೊಳ್ಳುವುದು ಖಂಡಿತ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಮುಖವಾಡ ಕಳಚಿ ಮಗಳ ಕೈಗೆ ಕೊಟ್ಟ.

"ಹಾಕ್ಕೋ."

"ನಾನಾ?"

"ನರ ಹುಡುಕಿ ಸೂಜಿ ಹಾಕೋಳಿಗೆ ಇದೇನು ಮಹಾ. ಒಂದೇ ಗೆರೆ ಎಳೀಬೇಡ, ತಗಡು ಸೊಟ್ಟಗಾಗುತ್ತೆ. ಇಲ್ಲೊಂದು ಚುಕ್ಕಿ, ಆ ತುದಿಗೊಂದು, ಆಮೇಲೆ ನಡುವೆ. ತಣ್ಣಗಾಗೋಕೆ ಬಿಡ್ತಾ ಹೋಗು."

ಮುಖವಾಡ ಇದ್ದದ್ದು ಒಂದೇ. ಮೇಸ್ತ್ರಿ ಅವಳ ಹಿಂದೆ ಮಂಡಿಯೂರಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಅವಳ ಮೊಣಕೈ ಹಿಡಿದ. ಹೊಸಬರಿಗೆ ಅವನು ಕಲಿಸುತ್ತಿದ್ದದ್ದೇ ಹಾಗೆ. ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುತ್ತದೆ, ಮೊಣಕೈ ಹಿಡಿದರೆ ಕೈಗೆ ಹೋಗುತ್ತದೆ ಅನ್ನುತ್ತಿದ್ದ. ಕೆಲಸದ ವೇಗ, ಓರೆ, ನಿಲ್ಲಿಸುವ ಕ್ಷಣ, ಎಲ್ಲವನ್ನೂ ಬೆರಳಿನಿಂದಲೇ ದಾಟಿಸುತ್ತಿದ್ದ.

ಅವಳು ಕುದುರೆ ಒತ್ತಿದಳು. ರೆಪ್ಪೆಯಾಚೆ ಬೆಳಕು ಕೆಂಪಗೆ ಹೊತ್ತಿತು. ಸದ್ದು ಹರಿದು ಹರಿದು ಬಂತು. ನಿಲ್ಲಿಸಿ ಮತ್ತೆ ಒತ್ತಿದಳು. ಮತ್ತೆ ಅದೇ ತುಂಡು ತುಂಡು ಸದ್ದು. ಅವನು ಇನ್ನಷ್ಟು ಬಿಗಿಯಾಗಿ ಹಿಡಿದ. ಮೂರನೆಯ ಸಲವೂ ಹಾಗೇ ಆದಾಗ, ಮುಖವಾಡದ ಒಳಗಿನಿಂದ ಅವಳ ದನಿ ಬಂತು. ರೋಗಿಗಳ ಹತ್ತಿರ ಮಾತಾಡುವ ದನಿ, ನೋಯದ ಹಾಗೆ ತೂಗಿ ಆಡುವ ದನಿ.

"ಅಪ್ಪ, ಕೈ ತೆಗಿ."

ಮೇಸ್ತ್ರಿ ಕೈ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, ನಾಲ್ಕು ಹೆಜ್ಜೆ ಆಚೆ ಹೋಗಿ, ಬರಿಗಣ್ಣಿಗೆ ಬೆಂಕಿ ಬೀಳದ ಹಾಗೆ ಗೋಡೆಗೆ ಮುಖ ಮಾಡಿ ನಿಂತ.

ಹಿಂದೆ ಅವಳು ಮತ್ತೆ ಒತ್ತಿದಳು. ಈ ಸಲ ಸದ್ದು ಒಂದೇ ಸಮನೆ ಬಂತು, ಕಾದ ಎಣ್ಣೆಗೆ ಏನೋ ಬಿಟ್ಟ ಹಾಗೆ. ಗೋಡೆಯ ಮೇಲೆ ನೀಲಿ ಬೆಳಕು ಹೊತ್ತಿ, ಆರಿ, ಮತ್ತೆ ಹೊತ್ತಿತು. ಅವಳು ತಡೆದು ತಡೆದು ಮಾಡುತ್ತಿದ್ದಳು, ಹೇಳಿಕೊಟ್ಟ ಹಾಗೆಯೇ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು.

"ಸರಿಯಾಗ್ತಿದೆಯಾ ಅಪ್ಪ?"

"ಹೂಂ," ಅಂದ ಗೋಡೆಯ ಕಡೆಗೇ. "ಸದ್ದು ಸರಿ ಇದೆ. ಸ್ವಲ್ಪ ತಣ್ಣಗಾಗಲಿ. ಆಮೇಲೆ ಆ ತುದಿಗೆ ಹೋಗು."