ನಲವತ್ತೈದು ಸಾವಿರದ ದೋಣಿ

ದೋಣಿಗೆ ನಲವತ್ತೈದು ಸಾವಿರ ಎಂಬ ಬೆಲೆ ಹುಟ್ಟಿದ್ದು ದೋಣಿಯನ್ನು ನೋಡಿ ಅಲ್ಲ, ಕುಂಬಳೆಯ ಅಂಗಡಿಯಲ್ಲಿದ್ದ ಹೊಲಿಗೆ ಮೆಷಿನನ್ನು ನೋಡಿ.

"ಪವರ್ ಮೆಷಿನ್, ಓವರ್‌ಲಾಕ್ ಎರಡೂ ಸೇರಿ ನಲವತ್ತನಾಲ್ಕು ಅಂತೆ" ಎಂದು ನಾನು ಹೇಳಿದಾಗ ಗುಣಪಾಲ ಮಾವ ಜಗಲಿಯಲ್ಲಿ ಕೂತು ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಹಾಗಾದ್ರೆ ದೋಣಿಗೆ ನಲವತ್ತೈದು ಹೇಳುವ. ಒಂದು ಸಾವಿರ ಮೆಷಿನ್ ತರುವ ರಿಕ್ಷಾಕ್ಕೆ."

ಮಾವ ಅಮ್ಮನ ಅಣ್ಣ. ಅಪ್ಪ ಇಲ್ಲದ ಮನೆಯಲ್ಲಿ ನನ್ನನ್ನು ಸಾಕಿದವರು. ಶಿರಿಯ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಇಳಿಸಿ, ಮರಳಿನಿಂದ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುತ್ತಿದ್ದರು. ಮರುವಾಯಿ ಅಳೆಯುವಾಗ ಸತ್ತು ಬಾಯಿ ಬಿಟ್ಟ ಚಿಪ್ಪನ್ನು ತಾವೇ ಆರಿಸಿ ಎಸೆಯುವವರು. ಈ ವರ್ಷ ಬಲ ಹೆಗಲು ಕೆಟ್ಟಿತು. ಇನ್ನು ಹುಟ್ಟು ಹಾಕಬಾರದು ಎಂದು ಡಾಕ್ಟರು ಹೇಳಿದ ದಿನವೇ ಮನೆಗೆ ಬಂದು, "ದೋಣಿ ಮಾರಿದ ಹಣ ಪೂಜಾಳಿಗೆ" ಎಂದು ನನ್ನ ಕಡೆ ಕೈ ತೋರಿಸಿಬಿಟ್ಟರು. ನಾನು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟಂದಿನಿಂದ ಪಕ್ಕದ ಮನೆಯ ಲೋಲಾಕ್ಷಕ್ಕನ ಮೆಷಿನಿನಲ್ಲಿ ಬ್ಲೌಸು ಹೊಲಿಯುತ್ತೇನೆ. ಒಂದು ಬ್ಲೌಸಿನ ಕೂಲಿಯಲ್ಲಿ ಅರ್ಧ ಅವರಿಗೆ. ಸ್ವಂತದ್ದು ಬಂದರೆ ಪೂರ್ತಿ ನನಗೆ.

ಲೋಲಾಕ್ಷಕ್ಕನಿಗೆ ಬೆಲೆ ಕೇಳಿ ನಗು ಬಂತು. "ಅಲ್ಯೂಮಿನಿಯಂ ಚರಿಗೆಗೆ ನಲವತ್ತೈದಾ? ಗುಣಪಾಲಣ್ಣಾ, ಅದರಲ್ಲಿ ಗಂಜಿ ಬೇಯಿಸ್ಲಿಕ್ಕೂ ಆಗುದಿಲ್ಲ."

"ನಿನಗೆ ಪೂಜಾ ಹೋಗ್ತಾಳೆ ಅಂತ ಹೊಟ್ಟೆಯುರಿ ಮಾರಾಯ್ತಿ" ಎಂದರು ಮಾವ.

ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಲವತ್ತೈದು ನ್ಯಾಯದ ಬೆಲೆ ಹೌದೋ ಅಲ್ಲವೋ ಎಂದು ನಾನೇ ಕೂತು ಲೆಕ್ಕ ಹಾಕಿದೆ. ಕೊರೋನ ಸಮಯದಲ್ಲಿ ಮುಚ್ಚಿದ ಒಂದು ರೆಸಾರ್ಟಿನವರಿಂದ ಮಾವ ಐವತ್ತೆರಡಕ್ಕೆ ತಂದದ್ದು. ಹನ್ನೆರಡು ಅಡಿ ಉದ್ದ, ಅರುವತ್ತೆಂಟು ಕಿಲೋ ಎಂದು ಹಳೆಯ ಬಿಲ್ಲಿನಲ್ಲೇ ಉಂಟು. ಗುಜರಿಗೆ ಹಾಕಿದರೆ ಕಿಲೋಕ್ಕೆ ನೂರೈವತ್ತು. ಅದು ತಳದ ಬೆಲೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಐದು ಮಳೆಗಾಲ ಕಳೆದಿದೆ. ಎಡಬದಿಯಲ್ಲಿ ಬಂಡೆ ತಾಗಿ ಒಂದು ಗುಂಡಿ. ನಾಲ್ಕು ರಿವೆಟ್ ಹೊಸದು. ಒಂದು ಹುಟ್ಟು ತುಂಡಾಗಿ ಮರದ ಪಟ್ಟಿ ಕಟ್ಟಿದ್ದು. ಎಲ್ಲ ಕಳೆದು ನನಗೆ ಮೂವತ್ತನಾಲ್ಕು ಸಿಕ್ಕಿತು.

"ಮೂವತ್ತನಾಲ್ಕು ಸರಿಯಾದ ಬೆಲೆ, ಮಾವ."

"ಸರಿಯಾದ ಬೆಲೆ ಕೊನೆಗೆ ಬರ್ಲಿಕ್ಕೆ ಉಂಟು. ಮೊದಲೇ ಹೇಳಿದ್ರೆ ಅವರು ಇಪ್ಪತ್ತಕ್ಕೆ ಎಳೀತಾರೆ. ನೀನು ಸುಮ್ಮನೆ ಇರು."

ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಹಾಕಿದ ಮೂರನೇ ದಿನ ಪುತ್ತಿಗೆಯ ಕಡೆಯಿಂದ ಕೇಶವಪ್ರಸಾದ ಭಟ್ಟ ಎಂಬವರು ಫೋನ್ ಮಾಡಿದರು. ಅವರ ಮನೆ ಹೊಳೆಯ ಈಚೆ, ತೋಟದ ಒಂದು ತುಂಡು ಆಚೆ. ಸುತ್ತು ಹಾಕಿ ಹೋದರೆ ಒಂದು ಗಂಟೆ. ಆದಿತ್ಯವಾರ ಹೆಂಡತಿಯ ಜೊತೆ ಬರುತ್ತೇನೆ ಎಂದರು.

ಶನಿವಾರ ಬೆಳಿಗ್ಗೆ ನಾನು ದೋಣಿ ತೊಳೆಯಲು ಹೋದೆ. ಮಾವ ಅದನ್ನು ಹೊಳೆಯಿಂದ ಕಡವಿನ ದಂಡೆಗೆ ಎಳೆದು ಎರಡು ತೆಂಗಿನ ಕೊರಡುಗಳ ಮೇಲೆ ಇಟ್ಟಿದ್ದರು. ಪ್ರತಿದಿನ ಅದರ ನೀರು ಮೊಗೆದು ಚೆಲ್ಲುತ್ತಿದ್ದವಳು ನಾನೇ. ಎಲ್ಲ ಮೂಲೆಯೂ ನನಗೆ ಗೊತ್ತು, ಒಂದನ್ನು ಬಿಟ್ಟು. ಹಿಂದೆ ಕೂರುವ ಹಲಗೆಯ ಕೆಳಗೆ ಅಂಗೈ ಅಗಲದ ತಾಮ್ರದ ತಗಡು ಇತ್ತು. ಮೂರು ವರ್ಷದ ಹಿಂದೆ ಅಳಿವೆಯಲ್ಲಿ ದೋಣಿ ಮಗುಚಿ ಮಾವ ಸಾಯುವುದರಿಂದ ಉಳಿದರು. ಆಗ ಅಮ್ಮ ಹರಿನಾರಾಯಣ ಭಟ್ಟರಲ್ಲಿ ಹೋಗಿ ಬರೆಸಿ ತಂದ ಯಂತ್ರ ಅದು. ಯಾರ ಕಾಲೂ ತಾಗದ ಜಾಗದಲ್ಲಿ ಇರಬೇಕು ಎಂದು ಅವರು ಹೇಳಿದ್ದರಂತೆ. ದೋಣಿಯಲ್ಲಿ ಕಾಲು ತಾಗದ ಜಾಗ ಎಂದರೆ ಹಿಂದಿನ ಹಲಗೆಯ ಅಡಿ ಒಂದೇ. ಅಮ್ಮ ಅಲ್ಲೇ, ತಳಕ್ಕೆ ಒತ್ತಿ, ಪಟ್ಟಿಯ ಸಂದಿಗೆ ಸಿಕ್ಕಿಸಿದಳು. ಉಪ್ಪುನೀರು ಬಂದು ನಿಲ್ಲುವುದೂ ಅಲ್ಲೇ. ನಾನು ಮುಟ್ಟಬಾರದು ಎಂದು ಕಟ್ಟಳೆಯಾಯಿತು. ಹಾಗಾಗಿ ಮೂರು ವರ್ಷ ಆ ಜಾಗವನ್ನು ಯಾರೂ ಉಜ್ಜಲಿಲ್ಲ.

ಕೊಳ್ಳುವವರು ಬಗ್ಗಿ ನೋಡಿದರೆ ಕೊಳಕು ಕಾಣಬಾರದು ಎಂದು ಅಂದು ಅಲ್ಲಿಗೂ ಕೈ ಹಾಕಿದೆ. ತಗಡಿನ ಸುತ್ತ ಕೆಸರು, ಕೆಸರಿನ ಮೇಲೆ ಸುಣ್ಣದಂಥ ಬಿಳಿ ಹುಡಿ. ಉಗುರಿನಿಂದ ಮೀಟಿದೆ. ತಗಡು ಹಕ್ಕಳೆಯ ಹಾಗೆ ಎದ್ದು ಬಂತು.

ಅದರ ಕೆಳಗೆ ದೋಣಿ ಇರಲಿಲ್ಲ.

ಮೊದಲು ನನಗೆ ಏನು ನೋಡುತ್ತಿದ್ದೇನೆ ಎಂದೇ ತಿಳಿಯಲಿಲ್ಲ. ಕೆಂಪು ಮಣ್ಣು ಕಂಡಿತು. ಮಣ್ಣಿನ ಮೇಲೆ ಒಂದು ಇರುವೆ ನಡೆಯುತ್ತಿತ್ತು. ದೋಣಿಯೊಳಗೆ ಇರುವೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಆಮೇಲೆ ಅದು ದೋಣಿಯ ಅಡಿಯ ನೆಲ ಎಂದು ಗೊತ್ತಾಯಿತು. ಎರಡು ಬೆರಳು ಹೋಗುವ ತೂತು. ಅಂಚನ್ನು ಮುಟ್ಟಿದರೆ ನೆನೆದ ಹಪ್ಪಳದ ಹಾಗೆ ಉದುರಿತು. ಮುಟ್ಟಿದಷ್ಟೂ ಉದುರಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಕೂತುಬಿಟ್ಟೆ.

ಮೊದಲೆಲ್ಲ ದಿನಕ್ಕೆ ಎರಡು ಡಬ್ಬಿ ನೀರು ಮೊಗೆಯುತ್ತಿದ್ದೆ. ಈ ವರ್ಷ ಹತ್ತು ಡಬ್ಬಿ. ಮಾವನ ಹೆಗಲು ಸರಿ ಇಲ್ಲ, ಹುಟ್ಟಿನ ನೀರು ಒಳಗೆ ಎರಚುತ್ತದೆ ಎಂದುಕೊಂಡಿದ್ದೆ. ಅಷ್ಟು ದಿನ ಅವರನ್ನು ನೀರಿನಿಂದ ಬೇರೆ ಮಾಡಿದ್ದು ಒಂದು ತಗಡು ಮತ್ತು ಒಂದು ಮುಷ್ಟಿ ಕೆಸರು.

ಬಂದ್ಯೋಡಿನಲ್ಲಿ ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು ಮಾಡುವ ವಿನೀತಣ್ಣನಿಗೆ ಫೋಟೋ ಕಳಿಸಿದೆ. ಫೋನಿನಲ್ಲಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅವನು ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿದ. "ಅಲ್ಲ ಪೂಜಾ, ಅಲ್ಯೂಮಿನಿಯಂ ಮೇಲೆ ತಾಮ್ರ ಇಟ್ಟದ್ದು ಯಾರು? ಉಪ್ಪುನೀರು ಸೇರಿದ್ರೆ ತಿಂದು ಮುಗಿಸ್ತದೆ. ನಾವು ಕಡಲ ಬದಿಯ ಮನೆಗೆ ಹಿತ್ತಾಳೆ ಸ್ಕ್ರೂ ಕೂಡ ಹಾಕುದಿಲ್ಲ. ಸುತ್ತ ಒಂದೂವರೆ ಅಡಿ ಹೋಗಿರ್ತದೆ, ನೋಡ್ಲಿಕ್ಕೆ ಗೊತ್ತಾಗುದಿಲ್ಲ. ಅದನ್ನು ನೀರಿಗೆ ಇಳಿಸ್ಬೇಡ."

ಅಮ್ಮ ಅದನ್ನು ಮೂರು ಸಲ ಹಾಕಿಸಿ ಕೇಳಿದಳು. ಅವಳ ಮುಖ ನೋಡಲಾಗಲಿಲ್ಲ.

"ಕಾಯ್ಲಿಕ್ಕೆ ಇಟ್ಟದ್ದು ತಿಂತದಾ? ಅವನಿಗೆ ಎಂತ ಗೊತ್ತುಂಟು, ಕಿಟಕಿ ಮಾಡುವವನಿಗೆ? ತಗಡು ಇದ್ದದ್ದರಿಂದ ಅಣ್ಣ ಬದುಕಿದ್ದು!"

ಒಂದು ರೀತಿಯಲ್ಲಿ ಅದೂ ನಿಜವೇ ಆಗಿತ್ತು. ತೂತಿಗೆ ಮುಚ್ಚಳವಾಗಿದ್ದದ್ದೂ ಅದೇ ತಗಡು.

ಮಾವ ಕಡವಿಗೆ ಬಂದು ದೋಣಿಯ ಅಡಿಗೆ ನುಸುಳಿ, ಕೆಳಗಿನಿಂದ ಬೆರಳು ತೂರಿಸಿದರು. ಹಲಗೆಯ ಅಡಿಯಲ್ಲಿ ಅವರ ಬೆರಳು ಮೇಲೆ ಬಂದು ಆಚೀಚೆ ತಡಕಾಡಿತು. ನನಗೆ ಕಿರುಚಬೇಕೆನಿಸಿತು. ಅವರು ಎದ್ದು ಬಂದು ಮೈಯ ಮಣ್ಣು ಕೊಡವಿದರು. ಆಮೇಲೆ ಮನೆಯಿಂದ ಪುಟ್ಟಿಯ ಡಬ್ಬಿ ತಂದರು. ತೂತಿಗೆ ಮೆತ್ತಿದರು. ತಗಡನ್ನು ಮೊದಲಿನ ಹಾಗೆಯೇ ಅದರ ಮೇಲೆ ಒತ್ತಿ, ಸುತ್ತ ಕೆಸರು ಬಳಿದರು. ಒಳ್ಳೆ ಕೆಲಸಗಾರರ ಕೈ. ಏನೂ ಕಾಣಲಿಲ್ಲ.

"ಮಾವ, ನಾಳೆ ಅವರು..."

"ನಿನಗೆ ಮೆಷಿನ್ ಬೇಕಾ ಬೇಡ್ವಾ?"

ಅವರು ನನ್ನ ಮುಖ ನೋಡದೆ ಕೇಳಿದರು. ತೂತು ನೋಡಿದಾಗ ನಾನು ಬೆಚ್ಚಿದ್ದೆ. ಈ ಪ್ರಶ್ನೆಗೆ ಬೆಚ್ಚಿದ್ದು ಬೇರೆ ರೀತಿ. ಬಾಯಿ ಬಿಟ್ಟ ಮರುವಾಯಿಯನ್ನು ಆರಿಸಿ ಎಸೆಯುತ್ತಿದ್ದವರು ಇವರೇ ಹೌದೇ ಎಂದು ಅವರ ಬೆನ್ನನ್ನೇ ನೋಡುತ್ತಾ ಮನೆಗೆ ನಡೆದೆ. ಬೇಡ ಎಂದು ನಾನೂ ಹೇಳಿರಲಿಲ್ಲ.

ಆದಿತ್ಯವಾರ ಹತ್ತು ಗಂಟೆಗೆ ಅವರು ಕಾರಿನಲ್ಲಿ ಬಂದರು. ಕೇಶವಪ್ರಸಾದರು ತೆಳ್ಳಗೆ, ಮಾತು ಜೋರು. ಹೆಂಡತಿ ಶ್ರೀರಂಜಿನಿ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಕಡವಿನಲ್ಲಿ ನೀರಿನಿಂದ ಐದು ಮಾರು ದೂರವೇ ನಿಂತರು. ನಾನು ಚಹಾ ಕೊಟ್ಟೆ. "ನಿನಗೆ ಈಜ್ಲಿಕ್ಕೆ ಬರ್ತದಾ?" ಎಂದು ಅವರು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದೆ. "ನನಗೂ ಇವರಿಗೂ ಬರುದಿಲ್ಲ" ಎಂದು ನಕ್ಕರು.

"ಲಾಸ್ಟ್ ಎಷ್ಟು ಹೇಳಿ" ಎಂದು ಕೇಶವಪ್ರಸಾದರು ಶುರುಮಾಡಿದರು.

"ನಲವತ್ತೈದು, ಭಟ್ರೇ."

"ಮೂವತ್ತು ಕೊಡ್ತೇನೆ. ಈ ಗುಂಡಿ ಎಂತದ್ದು? ಹುಟ್ಟಿಗೆ ಬ್ಯಾಂಡೇಜು ಹಾಕಿದ್ದೀರಿ, ಡಾಕ್ಟರಿಗೆ ತೋರಿಸಿದ್ದೀರಾ?"

"ಹುಟ್ಟಿಗೂ ನನಗೂ ಒಬ್ಬನೇ ಡಾಕ್ಟರು. ನಲವತ್ತೆರಡು ಮಾಡುವ."

ಅವರು ಸುತ್ತು ಬಂದು, ಬಗ್ಗಿ, ಹಿಂದಿನ ಹಲಗೆಯ ಅಡಿ ನೋಡಿದರು. ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ಹೋ! ಯಂತ್ರ ಉಂಟಲ್ಲ ಇದರಲ್ಲಿ! ಯಾರು ಬರೆದದ್ದು?"

ಅಮ್ಮ ಹರಿನಾರಾಯಣ ಭಟ್ಟರ ಹೆಸರು ಹೇಳಿದಳು.

ಕೇಶವಪ್ರಸಾದರು ನೆಟ್ಟಗೆ ನಿಂತರು. ಚೌಕಾಸಿಯ ನಗು ಹೋಗಿ ಮುಖ ಗಂಭೀರವಾಯಿತು. "ತಗಡು ಸಮೇತ ಕೊಡ್ತೀರಾದ್ರೆ ಚರ್ಚೆ ಇಲ್ಲ. ನಲವತ್ತೈದೇ ಇರ್ಲಿ. ಇವಳು ಹೊಳೆ ಅಂದ್ರೆ ನಡುಗುವವಳು. ಏ ರಂಜಿನಿ, ಇಲ್ಲಿ ಬಾ. ನಿನ್ನ ಜಾಗ ಇದೇ, ಹಿಂದಿನ ಹಲಗೆ, ಸರೀ ಯಂತ್ರದ ಮೇಲೆ. ಇನ್ನು ಎಂತ ಹೆದರಿಕೆ?"

ಅವರು ಬ್ಯಾಗಿನಿಂದ ನೋಟಿನ ಕಟ್ಟು ತೆಗೆದರು. ನಾನು ಮಾವನನ್ನು ನೋಡಿದೆ. ಮಾವ ಹುಟ್ಟಿನ ಪಟ್ಟಿಯನ್ನು ಬಿಗಿಮಾಡುತ್ತಿದ್ದರು, ಅದು ಬಿಗಿಯಾಗಿಯೇ ಇತ್ತು. ಶ್ರೀರಂಜಿನಿ ಸೀರೆಯ ನೆರಿಗೆ ಎತ್ತಿಕೊಂಡು ದೋಣಿಯ ಕಡೆಗೆ ನಡೆದರು.

ಹೇಳಬೇಕೆಂದು ಬಾಯಿ ತೆರೆದೆ. ಶಬ್ದ ಬರಲಿಲ್ಲ. ಅಷ್ಟೂ ಜನ ನನ್ನ ಕಡೆ ತಿರುಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಮುಂದಿನದು ನಾನು ಯೋಚಿಸಿ ಮಾಡಿದ್ದಲ್ಲ. ಅವರಿಗಿಂತ ಮೊದಲು ದೋಣಿ ಹತ್ತಿದೆ, ಹಲಗೆ ಹಿಡಿದುಕೊಂಡು ಬಲಗಾಲನ್ನು ಅದರ ಅಡಿಗೆ ತೂರಿಸಿ, ಹಿಮ್ಮಡಿಯನ್ನು ತಗಡಿನ ಮೇಲೆ ಇಟ್ಟು ಒತ್ತಿದೆ.

"ಅಯ್ಯೋ, ಯಂತ್ರಕ್ಕೆ ಕಾಲು!" ಅಮ್ಮನ ಕೈಯಿಂದ ತಟ್ಟೆ ಬಿತ್ತು.

"ಏ ಹುಡುಗಿ! ಎಂತ ಮಾಡ್ತಿದ್ದಿ!" ಎಂದು ಕೇಶವಪ್ರಸಾದರು ಕೂಗಿದರು. ಶ್ರೀರಂಜಿನಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ದೋಣಿಯನ್ನು ಯಾರೂ ನೋಡುತ್ತಿರಲಿಲ್ಲ. ನಾನು ಮತ್ತೂ ಒತ್ತಿದೆ. ಒಣಗಿದ ಎಲೆ ತುಳಿದಂಥ ಸದ್ದು. ತಗಡು ಮಡಚಿ ಕೆಳಗೆ ಬಿತ್ತು, ನನ್ನ ಕಾಲು ಮೀನಖಂಡದವರೆಗೆ ದೋಣಿಯಿಂದ ಹೊರಗೆ ಹೋಯಿತು. ಹಿಮ್ಮಡಿಗೆ ಕೆಳಗಿನ ಮಣ್ಣು ತಾಗಿತು.

ಕೇಶವಪ್ರಸಾದರು ಮೆಲ್ಲನೆ ಕುಕ್ಕುರುಕೂತು, ದೋಣಿಯ ಅಡಿಯಲ್ಲಿ ಹೊರಬಂದಿದ್ದ ನನ್ನ ಪಾದವನ್ನು ನೋಡಿದರು. ಕೈಯಲ್ಲಿದ್ದ ನೋಟಿನ ಕಟ್ಟು ಹಾಗೆಯೇ ಇತ್ತು.

"ಇದು... ಇದು ಈಗ ಆದದ್ದಾ?"

"ಅಲ್ಲ ಭಟ್ರೇ" ಎಂದರು ಮಾವ. ಅವರ ಸ್ವರವೇ ಅಲ್ಲದ ಸ್ವರ. "ನಿನ್ನೆ ನೋಡಿದ್ದು. ನಾನೇ ಮುಚ್ಚಿದ್ದು. ಹುಡುಗಿಯದ್ದು ಎಂತ ತಪ್ಪೂ ಇಲ್ಲ."

ಅಮ್ಮ ತೆವಳಿಕೊಂಡು ಹೋಗಿ ತಗಡನ್ನು ಹೆಕ್ಕಿ ಸೆರಗಿನಲ್ಲಿ ಒರೆಸುತ್ತಿದ್ದಳು. ನಾನು ಕಾಲನ್ನು ಹೊರಗೆ ಎಳೆದುಕೊಂಡೆ. ಅಂಚು ಗೀರಿ ರಕ್ತ ಬಂದಿತ್ತು, ನೋವು ಗೊತ್ತಾಗಲಿಲ್ಲ.

"ಸರಿಯಾದ ಬೆಲೆ ಹತ್ತು ಸಾವಿರದ ಇನ್ನೂರು" ಎಂದು ಯಾರೋ ಹೇಳಿದರು. ಅದು ನನ್ನ ಬಾಯಿಯಿಂದ ಬಂದಿತ್ತು. "ಅರುವತ್ತೆಂಟು ಕಿಲೋ. ಗುಜರಿಗೆ. ನೀರಿಗೆ ಇಳಿಸ್ಲಿಕ್ಕೆ ಇಲ್ಲ."

ಕೇಶವಪ್ರಸಾದರು ನೋಟುಗಳನ್ನು ಬ್ಯಾಗಿಗೆ ಹಾಕಿದರು. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಕಾರಿನ ಕಡೆಗೆ ನಡೆದರು. ನಡೆಯುವಾಗ ಒಮ್ಮೆ ಎಡವಿದರು. ಶ್ರೀರಂಜಿನಿ ಮಾತ್ರ ನನ್ನ ಹತ್ತಿರ ಬಂದು ನಿಂತರು.

"ನಿನಗೂ ನಿನ್ನೆಯೇ ಗೊತ್ತಿತ್ತಾ?"

ತಲೆಯಾಡಿಸಿದೆ.

"ಚಹಾ ಕೊಡುವಾಗಲೂ?"

ಅದಕ್ಕೂ ತಲೆಯಾಡಿಸಲೇಬೇಕಾಯಿತು. ಅವರು ಸೀರೆಯ ನೆರಿಗೆಯನ್ನು ಇನ್ನೂ ಎತ್ತಿ ಹಿಡಿದುಕೊಂಡೇ ಹೋದರು.

ಬುಧವಾರ ಗುಜರಿಯವನು ಬಂದು ದೋಣಿಯನ್ನು ನಾಲ್ಕು ತುಂಡು ಮಾಡಿ ತೂಗಿದ. ಅರುವತ್ತೈದೂವರೆ ಕಿಲೋ. ಉಳಿದ ಎರಡೂವರೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಅಮ್ಮ ಆದಿತ್ಯವಾರದಿಂದ ನನ್ನಲ್ಲಿ ಮಾತಾಡಿರಲಿಲ್ಲ. ಊಟ ಬಡಿಸುತ್ತಿದ್ದಳು, ಅಷ್ಟೆ.

ಮಾವ ಹಣವನ್ನು ಎಣಿಸದೆ ನನ್ನ ಕೈಗೆ ಕೊಟ್ಟರು. ಕೊಟ್ಟ ಮೇಲೂ ನೋಟಿನಿಂದ ಬೆರಳು ತೆಗೆಯಲಿಲ್ಲ.

"ಅವರು ನೀರಿಗೆ ಇಳಿಸುವ ಮೊದಲು ನಾನು ಹೇಳ್ತಿದ್ದೆ ಪೂಜಾ. ಹೇಳ್ಬೇಕು ಅಂತಲೇ ಇದ್ದದ್ದು."

ಶನಿವಾರದಿಂದೀಚೆ ಅವರು ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೌದು ಎನ್ನಬೇಕೆಂದು ಕಾಯುತ್ತಿದ್ದರು. ಅವರು ಹೇಳುತ್ತಿದ್ದರೋ ಇಲ್ಲವೋ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹೌದು ಮಾವ" ಎಂದೆ. ಹಣ ತೆಗೆದುಕೊಂಡು ಲೋಲಾಕ್ಷಕ್ಕನ ಮನೆಗೆ ಹೊಲಿಯಲು ಹೋದೆ.